ಹೊಂಗೆ ಚಿಗುರಿದೆ, ಪುಸ್ತಕದ ಕಟ್ಟು ಇನ್ನೂ ಬಿಚ್ಚಿಲ್ಲ

1/10
ಮೊದಲನೇ ಫೋಟೋ ನಮ್ಮೂರ ಲೈಬ್ರರಿ ಮುಂದಿನ ಹೊಂಗೆ ಮರದ್ದು. ತುಮಕೂರು ಕಡೆಯ ಒಂದು ತಾಲ್ಲೂಕು ಊರು ನಮ್ದು, ಬಿಸಿಲು ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಶಿವರಾತ್ರಿ ಹೊತ್ತಿಗೆ ಎಲೆ ಉದುರಿಸಿ ಬೋಳಾಗಿ ನಿಂತಿದ್ದ ಮರ, ಯುಗಾದಿ ಬರೋಷ್ಟರಲ್ಲಿ ಹೊಳೆಯೋ ಹಸಿರು ಹೊದ್ಕೊಂಡಿದೆ. ಯಾರೂ ನೀರು ಹಾಕಿಲ್ಲ, ಮಳೆ ಬಂದಿಲ್ಲ. ಅದರ ಪಾಡಿಗೆ ಅದು ಚಿಗುರಿದೆ.

ಎರಡನೇ ಫೋಟೋ ಅದೇ ಲೈಬ್ರರಿ ಒಳಗಡೆದು. ಮೂಲೆಯಲ್ಲಿ ಒಂದರ ಮೇಲೊಂದು ಇಟ್ಟಿರೋ ಕಟ್ಟುಗಳು ಕಾಣ್ತವಲ್ಲ, ಅವು ಹೊಸ ಪುಸ್ತಕ. ಕಂದು ಪೇಪರ್ ಸುತ್ತಿ ಪ್ಲಾಸ್ಟಿಕ್ ದಾರ ಬಿಗಿದಿದ್ದಾರೆ. ಒಂದು ಕಟ್ಟಿನ ಮೂಲೆ ಹರಿದಿತ್ತು. ಬಗ್ಗಿ ನೋಡಿದೆ, ಒಂದು ಹಳದಿ ಬೆನ್ನಿನ ಪುಸ್ತಕ ಕಾಣಿಸ್ತು. ಹೆಸರು ಅರ್ಧ ಮಾತ್ರ ಓದೋಕಾಯ್ತು.

ಇವತ್ತಿನ ಸರಣಿ ಈ ಎರಡು ಫೋಟೋ ಬಗ್ಗೆ. ಸ್ವಲ್ಪ ಉದ್ದ ಇದೆ. ರೀಲ್ಸ್ ನೋಡ್ತಾ ಅರ್ಧ ಗಂಟೆ ಕಳೀತೀವಲ್ಲ, ಅದರಲ್ಲಿ ಹತ್ತು ನಿಮಿಷ ಕೊಡಿ ಸಾಕು.

2/10
ನಿಜ ಹೇಳ್ತೀನಿ, ನಾನು ಲೈಬ್ರರಿಗೆ ಹೋಗಿದ್ದು ಓದೋಕಲ್ಲ. ಮನೇಲಿ ಕರೆಂಟ್ ಹೋಗಿತ್ತು, ಫೋನ್ ಚಾರ್ಜ್ ಎಂಟು ಪರ್ಸೆಂಟ್ ಇತ್ತು. ಕ್ಲಾಸ್‌ಮೇಟ್ ಒಬ್ಳು "ಲೈಬ್ರರಿಗೆ ಬಾರೇ, ಅಲ್ಲಿ ಯುಪಿಎಸ್ ಇದೆ" ಅಂದ್ಲು. ಹೋದೆ.

ಒಳಗೆ ಎಲ್ಲಾ ಕುರ್ಚಿ ಫುಲ್. ಆದ್ರೆ ಲೈಬ್ರರಿ ಪುಸ್ತಕ ಓದ್ತಿದ್ದೋರು ಬಹುಶಃ ಇಬ್ರು. ಉಳಿದೋರೆಲ್ಲ ಮನೆಯಿಂದ ತಂದ ಗೈಡು, ನೋಟ್ಸು, ನೀರಿನ ಬಾಟ್ಲು ಇಟ್ಕೊಂಡು ಪರೀಕ್ಷೆಗೆ ಓದ್ತಿದ್ರು. ಪಿಡಿಒ, ಎಫ್‌ಡಿಎ, ಪೊಲೀಸ್ ಕಾನ್‌ಸ್ಟೇಬಲ್. ಅವರನ್ನ ನಾನು ಯಾವತ್ತೂ ಬೈಯಲ್ಲ. ಮನೇಲಿ ಕೂತು ಓದೋಕೆ ಒಂದು ಮೂಲೆ ಇಲ್ಲದವರಿಗೆ ಅಲ್ಲಿ ಒಂದು ಕುರ್ಚಿ, ಒಂದು ಫ್ಯಾನ್ ಸಿಗೋದೇ ದೊಡ್ಡ ವಿಷಯ. ಹುಡುಗೀರಿಗಂತೂ ಕಾಲೇಜು ಮತ್ತು ಮನೆ ಬಿಟ್ರೆ ದುಡ್ಡು ಕೊಡದೆ, ಯಾರ ಪ್ರಶ್ನೆಗೂ ಉತ್ತರ ಕೊಡದೆ ಎರಡು ಗಂಟೆ ಕೂರೋ ಜಾಗ ನಮ್ಮೂರಲ್ಲಿ ಇನ್ನೊಂದು ಇದ್ರೆ ಹೇಳಿ.

ನನ್ನ ಮಾತು ಬೇರೆ. ಕುರ್ಚಿ ತುಂಬಿದೆ, ಕಪಾಟೂ ತುಂಬಿದೆ. ಆದರೆ ಕುರ್ಚಿಗೂ ಕಪಾಟಿಗೂ ಮಧ್ಯೆ ಓಡಾಟ ಇಲ್ಲ.

3/10
ಕಟ್ಟು ನೋಡಿ ಲೈಬ್ರರಿ ಮೇಡಂನ ಕೇಳಿದೆ, "ಮೇಡಂ, ಇವು ಯಾವಾಗ ಬಂದ್ವು?"
"ಒಂದು ತಿಂಗ್ಳಾಯ್ತಮ್ಮ."
"ಓದೋಕೆ ಯಾವಾಗ ಕೊಡ್ತೀರ?"
ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದ್ರು. "ನೀನೇ ಮೊದಲು ಕೇಳ್ತಿರೋದು" ಅಂದ್ರು.

ನಂಗೆ ಮೊದಲು ಸಿಟ್ಟು ಬಂತು. ಒಂದು ತಿಂಗಳು! ಆಮೇಲೆ ಅವರ ಟೇಬಲ್ ನೋಡಿದೆ. ಅವರು ಒಬ್ರೇ. ಬೆಳಗ್ಗೆ ಬಾಗಿಲು ತೆಗೆಯೋದು, ಕಸ ಗುಡಿಸೋದು, ಪೇಪರ್ ಜೋಡಿಸೋದು, ಹಾಜರಿ ಬರೆಸೋದು, ಸಂಜೆ ಬೀಗ ಹಾಕೋದು ಎಲ್ಲಾ ಅವರದ್ದೇ.

ಒಂದು ಹೊಸ ಪುಸ್ತಕ ಕಪಾಟಿಗೆ ಹೋಗೋಕೆ ಮುಂಚೆ ಏನೇನು ಆಗಬೇಕು ಅಂತ ಅವತ್ತೇ ಗೊತ್ತಾಗಿದ್ದು. ಬಂದ ಪಟ್ಟಿ ಜೊತೆ ತಾಳೆ ನೋಡಬೇಕು. ದೊಡ್ಡ ರಿಜಿಸ್ಟರ್‌ನಲ್ಲಿ ಪುಸ್ತಕಕ್ಕೊಂದು ಕ್ರಮಸಂಖ್ಯೆ ಕೊಟ್ಟು ಹೆಸರು, ಲೇಖಕರು, ಪ್ರಕಾಶಕರು, ಬೆಲೆ ಬರೆಯಬೇಕು. ಪುಟಗಳ ಮೇಲೆ ಮೊಹರು ಹಾಕಬೇಕು. ವಿಷಯ ನೋಡಿ ವರ್ಗ ಸಂಖ್ಯೆ ಕೊಡಬೇಕು. ಡ್ಯೂಯಿ ಪದ್ಧತಿ ಅಂತ ಒಂದಿದೆ, ಅದರಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಆ ಚೀಟಿ ಬೆನ್ನಿಗೆ ಅಂಟಿಸಬೇಕು. ಕೊನೆಗೆ ಒಳಗಡೆ ದಿನಾಂಕದ ಚೀಟಿ ಅಂಟಿಸಬೇಕು. ಇಷ್ಟೂ ಒಂದು ಪುಸ್ತಕಕ್ಕೆ. ಮೂಲೆಯಲ್ಲಿ ಇರೋದು ನೂರಾರು.

ಕೆಲಸ ಇಷ್ಟಿದೆ, ಮಾಡೋಕೆ ಒಬ್ರು, ಕೇಳೋಕೆ ಯಾರೂ ಇಲ್ಲ. ಹಾಗಿದ್ಮೇಲೆ ಕಟ್ಟು ಮೂಲೆಯಲ್ಲಿ ಕೂರದೆ ಇನ್ನೇನಾಗತ್ತೆ?

4/10
ಇಲ್ಲಿ ಒಂದು ಹೆಸರು ಹೇಳಬೇಕು. ಎಸ್.ಆರ್. ರಂಗನಾಥನ್. ಸ್ಪರ್ಧಾತ್ಮಕ ಪರೀಕ್ಷೆಗೆ ಓದೋರಿಗೆ ಗೊತ್ತಿರತ್ತೆ, ಅವರ ಹುಟ್ಟಿದ ದಿನ ಅಂತ ಆಗಸ್ಟ್ 12ನ್ನ ಗ್ರಂಥಪಾಲಕರ ದಿನ ಮಾಡ್ತೀವಿ. ಗಣಿತದ ಮೇಷ್ಟ್ರಾಗಿದ್ದೋರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ್ರು. ಕೊನೆಯ ವರ್ಷಗಳನ್ನ ಕಳೆದಿದ್ದು ನಮ್ಮ ಬೆಂಗಳೂರಲ್ಲಿ, 1972ರಲ್ಲಿ ತೀರಿಕೊಂಡಿದ್ದೂ ಅಲ್ಲೇ.

1931ರಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರ ಅಂತ ಪುಸ್ತಕ ಬರೆದ್ರು. ಅದರ ಸಾರ ನನ್ನ ಮಾತಲ್ಲಿ ಹೇಳೋದಾದ್ರೆ: ಪುಸ್ತಕ ಇರೋದು ಜೋಪಾನ ಮಾಡೋಕಲ್ಲ, ಬಳಸೋಕೆ. ಓದೋ ಪ್ರತಿಯೊಬ್ಬರಿಗೂ ಅವರದ್ದೇ ಆದ ಒಂದು ಪುಸ್ತಕ ಸಿಗಬೇಕು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಓದೋರ ಟೈಮ್ ಹಾಳು ಮಾಡಬಾರದು. ಲೈಬ್ರರಿ ಅನ್ನೋದು ಬೆಳೀತಾ ಇರೋ ಒಂದು ಜೀವ.

ಮೂರನೇದನ್ನ ಇನ್ನೊಂದು ಸಲ ಓದಿ. ಓದುಗರು ಪುಸ್ತಕ ಹುಡುಕೋದು ನಮಗೆ ಗೊತ್ತು. ಪುಸ್ತಕವೂ ಓದುಗರನ್ನ ಹುಡುಕಬೇಕು ಅಂತ ಯೋಚನೆ ಮಾಡಿದೀವಾ? ಅದೇ 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿ ಕಡೆ ಎತ್ತಿನ ಗಾಡಿ ಮೇಲೆ ಪುಸ್ತಕ ಹೇರ್ಕೊಂಡು ಹಳ್ಳಿಹಳ್ಳಿಗೆ ಹೋಗೋ ಲೈಬ್ರರಿ ಶುರುವಾಯ್ತು. ಆಗ ಪುಸ್ತಕ ಎತ್ತಿನ ಗಾಡಿ ಹತ್ತಿ ಮನೆ ಬಾಗಿಲಿಗೆ ಬರ್ತಿತ್ತು. ಈಗ ನಮ್ಮೂರಲ್ಲಿ ಪುಸ್ತಕ ಬಸ್ ಸ್ಟ್ಯಾಂಡ್ ಪಕ್ಕದ ಕಟ್ಟಡದಲ್ಲೇ ಇದೆ. ನಾವು ಅದರ ಮುಂದೆ ಪಾನಿಪೂರಿ ತಿಂದು ವಾಪಸ್ ಹೋಗ್ತೀವಿ.

5/10
"ಗೌರ್ಮೆಂಟ್ ಲೈಬ್ರರಿ ತಾನೆ, ಫ್ರೀ ಕೊಡ್ತಾರೆ, ಹೆಂಗಿದ್ರೆ ಏನು" ಅಂತ ಒಬ್ಬ ಕ್ಲಾಸ್‌ಮೇಟ್ ಅಂದ. ಫ್ರೀ ಅಲ್ಲಪ್ಪಾ. ಮುಂಚೆನೇ ದುಡ್ಡು ಕೊಟ್ಟಾಗಿದೆ.

ನಮ್ಮ ರಾಜ್ಯದಲ್ಲಿ 1965ರಿಂದಲೇ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದೆ. ಅದರ ಪ್ರಕಾರ ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರ ಅಂತ ವಸೂಲಿ ಮಾಡ್ತಾರೆ, ರೂಪಾಯಿಗೆ 6 ಪೈಸೆ. ಮನೇಲಿ ಕಂದಾಯದ ರಸೀದಿ ಇದ್ರೆ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಒಂದು ಸಾಲು ಇರತ್ತೆ. ಬಾಡಿಗೆ ಮನೇಲಿರೋರು "ನಾವು ಕಟ್ಟಲ್ಲ" ಅನ್ಬೇಡಿ. ಓನರ್ ಕಟ್ಟೋ ಕಂದಾಯ ನಿಮ್ಮ ಬಾಡಿಗೆಯಿಂದಾನೇ ಹೋಗೋದು.

ಹಂಗೆ ವಸೂಲಾದ ದುಡ್ಡು ಸ್ಥಳೀಯ ಸಂಸ್ಥೆಗಳಿಂದ ಗ್ರಂಥಾಲಯ ಇಲಾಖೆಗೆ ಪೂರ್ತಿ ತಲುಪ್ತಿಲ್ಲ, ಬಾಕಿ ಉಳ್ಕೊಂಡಿದೆ ಅನ್ನೋದು ಪೇಪರ್‌ನಲ್ಲಿ ಪದೇ ಪದೇ ಬರೋ ಸುದ್ದಿ. ಅದನ್ನ ಓದಿ ನಾವು "ಅಯ್ಯೋ ಇವರ ಹಣೆಬರಹ" ಅಂತ ಸ್ಕ್ರಾಲ್ ಮಾಡ್ತೀವಿ. ಆದ್ರೆ ಹಣೆಬರಹ ಯಾರದ್ದು? ಕಟ್ಟಿದ್ದು ನಾವು. ಬರಬೇಕಾಗಿರೋದು ನಮಗೆ. ಹೋಟೆಲಲ್ಲಿ ದೋಸೆಗೆ ದುಡ್ಡು ಕೊಟ್ಟು ದೋಸೆ ಬರೋ ಮುಂಚೆ ಎದ್ದು ಹೋಗ್ತೀವಾ?

6/10
ಈಗ ನೀವು ಹೇಳೋದು ನಂಗೆ ಗೊತ್ತು. "ಪಿಡಿಎಫ್ ಇದೆಯಲ್ಲ, ಟೆಲಿಗ್ರಾಂನಲ್ಲಿ ಸಿಗತ್ತೆ."

ಸಿಗತ್ತೆ. ನಾನೂ ಡೌನ್‌ಲೋಡ್ ಮಾಡಿದೀನಿ, ಸುಳ್ಳು ಹೇಳಲ್ಲ. ನಲವತ್ತು ಪಿಡಿಎಫ್ ಇಟ್ಕೊಂಡಿದ್ದೆ, ಓದಿದ್ದು ಒಂದೂ ಇಲ್ಲ. ಅದೂ ಹೋಗ್ಲಿ. ಕನ್ನಡದಲ್ಲಿ ಒಂದು ಪುಸ್ತಕ ಸಾವಿರ ಪ್ರತಿ ಅಚ್ಚಾಗಿ ಖರ್ಚಾದ್ರೆ ಅದೇ ದೊಡ್ಡ ಸುದ್ದಿ. ಅಂಥದ್ರಲ್ಲಿ ಗ್ರಂಥಾಲಯ ಇಲಾಖೆ ಸಗಟು ಖರೀದಿ ಅಂತ ಆಯ್ಕೆಯಾದ ಒಂದೊಂದು ಪುಸ್ತಕದ ನೂರಾರು ಪ್ರತಿ ಕೊಳ್ಳೋದು ಸಣ್ಣ ಪ್ರಕಾಶಕರಿಗೆ, ಹೊಸ ಲೇಖಕರಿಗೆ ಉಸಿರಿದ್ದಂಗೆ. ಆ ಖರೀದಿ ತಡವಾದ್ರೆ ಅವರು ಬೀದಿಗಿಳಿದು ಕೇಳ್ತಾರೆ, ಅದು ನ್ಯಾಯವೇ. ಆದ್ರೆ ಕೊಂಡ ಪುಸ್ತಕ ಯಾರೂ ಓದದೆ ಕೂತ್ರೆ ಕೇಳೋಕೆ ಯಾರಿದ್ದಾರೆ? ಅದನ್ನ ಕೇಳಬೇಕಾದೋರು ಲೇಖಕರಲ್ಲ, ನಾವು. ಕದ್ದ ಪಿಡಿಎಫ್‌ನಿಂದ ಲೇಖಕರಿಗೆ ಏನೂ ಸಿಗಲ್ಲ. ಲೈಬ್ರರಿಯಿಂದ ತಂದು ಓದಿದ್ರೆ ಆ ಪ್ರತಿಗೆ ದುಡ್ಡು ಕೊಟ್ಟಾಗಿದೆ, ನಮಗೂ ಖರ್ಚಿಲ್ಲ.

2025ರ ಮೇ ತಿಂಗಳು ನೆನಪಿದೆಯಾ? ಹಾಸನದ ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂತು. ಕನ್ನಡಕ್ಕೆ ಆ ಪ್ರಶಸ್ತಿ ಬಂದಿದ್ದು ಅದೇ ಮೊದಲು. ನಮ್ಮ ಕ್ಲಾಸಲ್ಲಿ ಸ್ಟೋರಿ ಹಾಕದೇ ಇದ್ದೋರು ಯಾರೂ ಇರಲಿಲ್ಲ. "ಹೆಮ್ಮೆಯ ಕನ್ನಡತಿ" ಅಂತ ಹಳದಿ ಕೆಂಪು ಹಾರ್ಟ್ ಹಾಕಿ ನಾನೂ ಹಾಕಿದ್ದೆ. ಅವರ ಒಂದು ಕತೆನಾದ್ರೂ ಓದಿದ್ದೋರು ಎಷ್ಟು ಜನ? ನಾನಂತೂ ಅವತ್ತಿಗೆ ಓದಿರಲಿಲ್ಲ. ಹೆಮ್ಮೆ ಪಡೋಕೆ ಎರಡು ಸೆಕೆಂಡ್ ಸಾಕು, ಓದೋಕೆ ಒಂದು ಮಧ್ಯಾಹ್ನ ಬೇಕು. ನಾವು ಎರಡು ಸೆಕೆಂಡ್ ಮಾತ್ರ ಕೊಟ್ವಿ.

7/10
ಈಗ ನನ್ನ ತಪ್ಪಿನ ಕತೆ.

ಅವತ್ತು ಮೇಡಂ ನನ್ನ ಮುಖ ನೋಡಿ ಏನನ್ನಿಸ್ತೋ, ಕತ್ತರಿ ತೆಗೆದು ಒಂದು ಕಟ್ಟಿನ ದಾರ ಕತ್ತರಿಸಿದ್ರು. "ಕೂತ್ಕೊ, ರಿಜಿಸ್ಟರ್ ಬರೆಯೋಕೆ ಹೆಸರು ಓದಿ ಹೇಳು" ಅಂದ್ರು. ನಾನು ಓದ್ತಾ ಹೋದೆ, ಅವರು ಬರೀತಾ ಹೋದ್ರು. ನನ್ನ ಫ್ರೆಂಡ್ ಮೊಹರು ಹಾಕಿದ್ಲು. ಹೊಸ ಪುಸ್ತಕದ ವಾಸನೆ ಗೊತ್ತಲ್ಲ, ಶಾಲೆ ಶುರುವಾದ ದಿನ ಬರತ್ತಲ್ಲ, ಅದೇ. ಒಂದು ಗಂಟೆಯಲ್ಲಿ ಇಪ್ಪತ್ತೆಂಟು ಪುಸ್ತಕ ಮುಗಿದ್ವು. ಅಷ್ಟರಲ್ಲಿ ಪಕ್ಕದ ಟೇಬಲ್‌ನಿಂದ ಪಿಡಿಒ ಪರೀಕ್ಷೆಗೆ ಓದ್ತಿದ್ದ ಅಕ್ಕ ಒಬ್ರು ಬಂದು "ಇದು ನಂಗೆ ಎತ್ತಿಡಿ ಮೇಡಂ" ಅಂತ ಒಂದು ಪತ್ತೇದಾರಿ ಕಾದಂಬರಿ ತೋರಿಸಿದ್ರು.

ನಾನೂ ಒಂದು ಹೊಸ ಕಥಾ ಸಂಕಲನ ತಂದೆ. ಓದೋಕಲ್ಲ. ಯುಗಾದಿ, ಚಿಗುರು, ಹೊಸ ಪುಸ್ತಕ ಅಂತ ಒಂದು ಚೆಂದದ ಪೋಸ್ಟ್ ಹಾಕೋಣ ಅಂತ. ಬೇವಿನ ಹೂವು ಪಕ್ಕದಲ್ಲಿಟ್ಟು ಫೋಟೋ ತೆಗೆದೆ, ಫ್ರಿಜ್ ಮೇಲೆ ಎಸೆದೆ, ಮರೆತೆ. ಆ ಪೋಸ್ಟ್‌ಗೆ ನೀವೆಲ್ಲ ಲೈಕ್ ಕೊಟ್ಟಿದ್ರಿ. ಥ್ಯಾಂಕ್ಸ್. ಆದ್ರೆ ಅದು ಸುಳ್ಳು ಪೋಸ್ಟ್.

8/10
ನಾಲ್ಕು ದಿನ ಆದ್ಮೇಲೆ ರಾತ್ರಿ ನೀರು ಕುಡಿಯೋಕೆ ಎದ್ದೆ. ಅಡುಗೆಮನೆಯಲ್ಲಿ ಲೈಟ್ ಉರೀತಿತ್ತು. ಅಮ್ಮ ಕಟ್ಟೆಗೆ ಒರಗಿ ನಿಂತ್ಕೊಂಡು ಆ ಪುಸ್ತಕ ಓದ್ತಿದ್ಲು. ಕೂತಿರಲಿಲ್ಲ, ನಿಂತಿದ್ಲು. ಹಾಲು ಹೆಪ್ಪು ಹಾಕೋಕೆ ಬಂದೋಳು ಹಂಗೇ ಓದೋಕೆ ನಿಂತುಬಿಟ್ಟಿದ್ದಾಳೆ.

ಅಮ್ಮ ಏಳನೇ ಕ್ಲಾಸ್ ಓದಿರೋದು. ಮದುವೆಗೆ ಮುಂಚೆ ಪಕ್ಕದ ಮನೆಯಿಂದ ವಾರಪತ್ರಿಕೆ ತಂದು ಧಾರಾವಾಹಿ ಓದ್ತಿದ್ಲಂತೆ. ಆಮೇಲೆ ಮನೆ, ನಾವು, ಹೊಲಿಗೆ ಮಷೀನ್. ನಂಗೆ ಹತ್ತೊಂಬತ್ತು ವರ್ಷ. ಈ ಹತ್ತೊಂಬತ್ತು ವರ್ಷದಲ್ಲಿ ಅಮ್ಮನ ಕೈಯಲ್ಲಿ ಒಂದು ಕತೆ ಪುಸ್ತಕ ನಾನು ನೋಡಿರಲಿಲ್ಲ. ಅದಕ್ಕಿಂತ ದೊಡ್ಡದು ಏನು ಗೊತ್ತಾ? ಅಮ್ಮನಿಗೆ ಓದೋಕೆ ಇಷ್ಟ ಇರಬಹುದು ಅಂತ ನಂಗೆ ಒಂದು ದಿನಾನೂ ಹೊಳೆದಿರಲಿಲ್ಲ.

"ಇದ್ರಲ್ಲಿರೋ ಮುದುಕಿ ನಮ್ಮ ಅಜ್ಜಿ ಥರಾನೇ ಮಾತಾಡ್ತಾಳೆ ಕಣೇ" ಅಂದ್ಲು. ಮಾರನೇ ದಿನ ಬೆಳಗ್ಗೆ, ನಾನು ಇನ್ನೂ ಬ್ರಷ್ ಮಾಡ್ತಿದ್ದಾಗ, "ಇದನ್ನ ಕೊಟ್ಟು ಇನ್ನೊಂದು ಯಾವಾಗ ತರ್ತೀಯ?" ಅಂತ ಕೇಳಿದ್ಲು.

ರಂಗನಾಥನ್ ಅವರ ಮೂರನೇ ಸೂತ್ರ ನಂಗೆ ಅರ್ಥ ಆಗಿದ್ದು ಅವಾಗ. ಆ ಪುಸ್ತಕದ ಓದುಗಳು ನಾನಾಗಿರಲಿಲ್ಲ, ನನ್ನ ಕೈಯಲ್ಲಿ ಕಾರ್ಡ್ ಇತ್ತು ಅಷ್ಟೇ. ಅದರ ಓದುಗಳು ನಮ್ಮ ಅಡುಗೆಮನೆಯಲ್ಲೇ ಇದ್ಲು. ಅವಳಿಗೂ ಪುಸ್ತಕಕ್ಕೂ ಮಧ್ಯೆ ಇದ್ದಿದ್ದು ಒಂದು ಪ್ಲಾಸ್ಟಿಕ್ ದಾರ, ಮತ್ತೆ ನನ್ನ ಸೋಮಾರಿತನ.

9/10
ಅದಕ್ಕೇ ನನ್ನ ಅಭಿಪ್ರಾಯ ಇಷ್ಟು. ಲೈಬ್ರರಿಗೆ ಹೊಸ ಪುಸ್ತಕ ಬಂತು ಅಂದ್ರೆ ಲಾರಿಯಿಂದ ಕಟ್ಟು ಇಳೀತು ಅಂತಲ್ಲ. ಯಾರೋ ಒಬ್ರು ಅದನ್ನ ಮನೆಗೆ ತಗೊಂಡು ಹೋದ ದಿನ ಅದು ಬಂದಂಗೆ. ಅಲ್ಲೀವರೆಗೂ ಅದು ಸ್ಟಾಕ್ ಅಷ್ಟೇ.

ಸರ್ಕಾರ ಸಿಬ್ಬಂದಿ ಕೊಡಬೇಕು, ಕರದ ದುಡ್ಡು ಪೂರ್ತಿ ಕೊಡಬೇಕು, ಯಾವ ಪುಸ್ತಕ ಬೇಕು ಅಂತ ಓದೋರನ್ನ ಕೇಳಬೇಕು. ಇದರಲ್ಲಿ ಒಂದನ್ನೂ ಬಿಟ್ಟುಕೊಡೋ ಹಾಗಿಲ್ಲ. ಆದ್ರೆ ಯಾರೂ ಎರವಲು ಪಡೆಯದ ಲೈಬ್ರರಿಗೆ ಇನ್ನಷ್ಟು ಕೊಡಿ ಅಂತ ಕೇಳೋಕೆ ನಮ್ಮ ಬಾಯಿಗೆ ಬಲ ಎಲ್ಲಿಂದ ಬರತ್ತೆ? ರಿಜಿಸ್ಟರ್‌ನಲ್ಲಿ ಇಶ್ಯೂ ಆಗಿರೋ ಒಂದೊಂದು ಸಾಲೂ ಒಂದು ಅರ್ಜಿ ಇದ್ದಂಗೆ. ಖಾಲಿ ರಿಜಿಸ್ಟರ್ ನೋಡಿದೋರು "ಇಲ್ಲಿ ಯಾರಿಗೂ ಬೇಡ" ಅಂತ ಬರ್ಕೊಂಡು ಹೋಗ್ತಾರೆ.

ಏನು ಮಾಡಬಹುದು? ಮೂರೇ ಮಾತು.

ಒಂದು, ಕಾರ್ಡ್ ಮಾಡಿಸಿ. ವಿಳಾಸದ ದಾಖಲೆ, ಫೋಟೋ, ಸ್ವಲ್ಪ ಠೇವಣಿ ಕೇಳ್ತಾರೆ. ಹಳ್ಳಿಯಲ್ಲಿರೋರು ಗ್ರಾಮ ಪಂಚಾಯ್ತಿ ಲೈಬ್ರರಿ ನೋಡಿ, ಈಗ ಅದಕ್ಕೆ ಅರಿವು ಕೇಂದ್ರ ಅಂತಾರೆ. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚಿವೆ. 2020ರಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ನಿಮ್ಮ ತಮ್ಮ ತಂಗಿಗೆ ಮಾಡಿಸಿ.

ಎರಡು, ಬಾಯಿಬಿಟ್ಟು ಕೇಳಿ. "ಹೊಸದು ಏನು ಬಂದಿದೆ?" ಅನ್ನೋ ಒಂದು ಪ್ರಶ್ನೆಗೆ ನಮ್ಮಲ್ಲಿ ಒಂದು ಕಟ್ಟು ಬಿಚ್ತು.

ಮೂರು, ಒಂದು ಗಂಟೆ ಸಹಾಯ ಮಾಡಿ. ಮೇಡಂ ಒಪ್ಪಿದ್ರೆ ಹೆಸರು ಓದಿ ಹೇಳಿ, ಚೀಟಿ ಅಂಟಿಸಿ. ಹೊಸ ಪುಸ್ತಕವನ್ನ ಎಲ್ಲರಿಗಿಂತ ಮೊದಲು ನೋಡೋ ಲಾಭ ನಿಮ್ಮದೇ.

10/10
ಕೊನೆಯ ಫೋಟೋ ಒಂದು ದಿನಾಂಕದ ಚೀಟಿ. ಹಳೇ ಕಪಾಟಿನ ಒಂದು ಕಾದಂಬರಿಯದ್ದು. ಕೊನೆಯ ಮೊಹರು 2009ದು. ಅವತ್ತು ನಾನು ಅಂಗನವಾಡಿಗೂ ಸರಿಯಾಗಿ ಹೋಗ್ತಿರಲಿಲ್ಲ. ಅಲ್ಲಿಂದ ಈಚೆಗೆ ಆ ಪುಸ್ತಕವನ್ನ ಯಾರೂ ಮನೆಗೆ ಕರ್ಕೊಂಡು ಹೋಗಿಲ್ಲ. ಅದೂ ಒಂದು ಯುಗಾದಿಯಲ್ಲಿ ಹೊಸ ವಾಸನೆ ಹೊತ್ತು ಇದೇ ಮೂಲೆಗೆ ಬಂದಿದ್ದಿರಬೇಕು. ಈ ಸಲ ಬಂದಿರೋ ಕಟ್ಟುಗಳ ಹಣೆಬರಹವೂ ಇದೇ ಆಗಬಾರದು ಅಂತ ಇಷ್ಟೆಲ್ಲ ಬರೆದೆ.

ಏಪ್ರಿಲ್ 23 ವಿಶ್ವ ಪುಸ್ತಕ ದಿನ. ಪ್ರತಿ ವರ್ಷ ಅವತ್ತು ಪುಸ್ತಕದ ಸ್ಟೋರಿ ಹಾಕ್ತೀವಿ. ಈ ವರ್ಷ ಒಂದು ಬದಲಾವಣೆ ಮಾಡೋಣ. ಮುಖಪುಟದ ಫೋಟೋ ಬೇಡ. ಲೈಬ್ರರಿಗೆ ಹೋಗಿ ಒಂದು ಪುಸ್ತಕ ಇಶ್ಯೂ ಮಾಡಿಸಿ, ಆ ದಿನಾಂಕದ ಚೀಟಿಯ ಫೋಟೋ ಹಾಕಿ. ಹೊಸ ಮೊಹರು ಕಾಣಬೇಕು. ನಿಮಗೆ ಓದೋಕೆ ಆಗದಿದ್ರೆ ಪರವಾಗಿಲ್ಲ, ಮನೇಲಿ ಎಲ್ಲರ ಕೈಗೆ ಸಿಗೋ ಜಾಗದಲ್ಲಿ ಇಡಿ. ಫ್ರಿಜ್ ಮೇಲೆ ಆದ್ರೂ ಸರಿ.

ನಾನು ಇವತ್ತು ಸಂಜೆ ಹೋಗ್ತಿದೀನಿ. ಇನ್ನೂ ನಾಲ್ಕು ಕಟ್ಟು ಬಾಕಿ ಇವೆ, ಅರ್ಧ ಹೆಸರು ಓದಿದ್ದ ಆ ಹಳದಿ ಬೆನ್ನಿನ ಪುಸ್ತಕ ಯಾವುದು ಅಂತ ನೋಡಬೇಕು. ಅಮ್ಮನಿಗೆ ಎರಡನೇ ಪುಸ್ತಕ ತರಬೇಕು, "ಕತೇನೇ ತಾ, ಅಡುಗೆ ಪುಸ್ತಕ ತಂದೀಯ ಹುಷಾರ್" ಅಂತ ಹೇಳಿ ಕಳಿಸಿದ್ದಾಳೆ. ನಮ್ಮೂರೋರು ಯಾರಾದ್ರೂ ಬರೋದಿದ್ರೆ ಐದು ಗಂಟೆಗೆ ಹೊಂಗೆ ಮರದ ಹತ್ರ ಸಿಗಿ. ಕತ್ತರಿ ಮೇಡಂ ಹತ್ರ ಇದೆ, ಗೋಂದು ಖಾಲಿ ಆಗಿದೆಯಂತೆ, ಒಂದು ಬಾಟ್ಲು ತನ್ನಿ.

ನಿಮ್ಮೂರ ಲೈಬ್ರರಿಗೆ ಕೊನೇ ಸಲ ಯಾವಾಗ ಹೋಗಿದ್ರಿ? ಕೆಳಗೆ ಬರೀರಿ, ಸುಳ್ಳು ಹೇಳಬೇಡಿ 🌿

#ನಮ್ಮೂರ_ಲೈಬ್ರರಿ #ಕಟ್ಟು_ಬಿಚ್ಚಿ #ಹೊಸ_ಮೊಹರು #ಯುಗಾದಿ_ಓದು #ಕನ್ನಡ_ಪುಸ್ತಕ